ಅಟ್ಲಾಂಟಾದ ಮಗಳಿಗೊಂದು ಕಿವಿಮಾತು

ನೀನು ಕೇಳಿದ್ದಕ್ಕೆ ನೇರವಾಗಿಯೇ ಉತ್ತರ ಹೇಳುತ್ತೇನೆ ಮಗಳೇ. ನೀನೂ ನಿನ್ನ ಗೆಳತಿಯರೂ ಸೇರಿ ಜನಾಂಗೀಯ ನ್ಯಾಯಕ್ಕಾಗಿ, ಹೆಣ್ಣುಮಕ್ಕಳ ಏಳಿಗೆಗಾಗಿ ಏನಾದರೂ ಮಾಡಬೇಕು ಅಂದುಕೊಂಡಿರುವುದು ನನಗೆ ತುಂಬಾ ಸಂತೋಷದ ಸಂಗತಿ. ಆದರೆ ಸಭಾಂಗಣ ಹಿಡಿದು, ನಾಲ್ಕು ಭಾಷಣ ಇಟ್ಟು, ಬ್ಯಾನರ್ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದರಿಂದ ಶುರು ಮಾಡಬೇಡಿ. ನೀವಿರುವ ಊರಿನಲ್ಲಿ ಈ ಕೆಲಸ ನೂರನಲವತ್ತು ವರ್ಷಗಳಿಗೂ ಹಿಂದಿನಿಂದ ನಡೆದುಕೊಂಡು ಬಂದಿದೆ. ಅದನ್ನು ಯಾರು ಮಾಡಿದರು, ಹೇಗೆ ಮಾಡಿದರು, ಈಗ ಯಾರ ಕೈಯಲ್ಲಿದೆ ಅಂತ ಮೊದಲು ತಿಳಿದುಕೊಳ್ಳಿ. ಆಮೇಲೆ ಅವರ ಹತ್ತಿರ ಹೋಗಿ, ನಮ್ಮಿಂದ ಯಾವ ಕೆಲಸ ಆದೀತು ಅಂತ ಕೇಳಿ. ನನ್ನ ಮಾತು ಇಷ್ಟೇ. ಯಾಕೆ ಹೀಗೆ ಹೇಳುತ್ತಿದ್ದೇನೆ ಅನ್ನುವುದಕ್ಕೆ ಮಾತ್ರ ಸ್ವಲ್ಪ ಹಿಂದಕ್ಕೆ ಹೋಗಬೇಕು.

1881ರ ಅಟ್ಲಾಂಟಾವನ್ನು ಕಣ್ಣಮುಂದೆ ತಂದುಕೋ. ಗುಲಾಮಗಿರಿ ಕಾನೂನಿನ ಪುಸ್ತಕದಲ್ಲಿ ಮುಗಿದು ಹದಿನಾರು ವರ್ಷವಾಗಿತ್ತು. ಕಪ್ಪು ಹೆಂಗಸರಿಗೆ ಸಿಗುತ್ತಿದ್ದ ಕೆಲಸ ಕೆಲವೇ ಬಗೆಯವು: ಬಿಳಿಯರ ಮನೆಯ ಅಡುಗೆ, ಮಕ್ಕಳ ಆರೈಕೆ, ಕಸಮುಸುರೆ, ಬಟ್ಟೆ ಒಗೆತ. ಅದರಲ್ಲಿ ಬಟ್ಟೆ ಒಗೆಯುವುದನ್ನೇ ಬಹಳ ಮಂದಿ ಆರಿಸಿಕೊಳ್ಳುತ್ತಿದ್ದರು. ಒಡತಿಯ ಕಣ್ಣೆದುರು ನಿಲ್ಲುವ ಗೋಜಿಲ್ಲದೆ ಸ್ವಂತ ಹಿತ್ತಲಲ್ಲೇ ಮಾಡಬಹುದಾದ ಕೆಲಸ ಅದು, ಮಕ್ಕಳೂ ಕಣ್ಣಳತೆಯಲ್ಲಿರುತ್ತಿದ್ದರು. ದುಡಿತ ಮಾತ್ರ ಮೈಮುರಿಯುವಂಥದ್ದು. ಸೋಮವಾರ ಮನೆಮನೆಯಿಂದ ಗಂಟು ಹೊತ್ತು ತರಬೇಕು, ನೀರು ಹೊರಬೇಕು, ಸೋಪನ್ನು ತಾವೇ ಕಾಯಿಸಿ ಮಾಡಿಕೊಳ್ಳಬೇಕು, ಗೋಧಿ ತೌಡಿನಿಂದ ಗಂಜಿ ತೆಗೆಯಬೇಕು, ಕುದಿಸಿ, ಉಜ್ಜಿ, ಒಣಗಿಸಿ, ಕಾದ ಇಸ್ತ್ರಿ ಎಳೆದು ಶನಿವಾರದ ಹೊತ್ತಿಗೆ ತಿರುಗಿ ಮುಟ್ಟಿಸಬೇಕು. ಇಷ್ಟಕ್ಕೆಲ್ಲ ತಿಂಗಳಿಗೆ ನಾಲ್ಕರಿಂದ ಎಂಟು ಡಾಲರ್.

ಆ ವರ್ಷದ ಜುಲೈಯಲ್ಲಿ ಸುಮಾರು ಇಪ್ಪತ್ತು ಹೆಂಗಸರು ಒಂದು ಚರ್ಚಿನಲ್ಲಿ ಕೂತು 'ವಾಷಿಂಗ್ ಸೊಸೈಟಿ' ಕಟ್ಟಿದರು. ಹನ್ನೆರಡು ಪೌಂಡ್ ಬಟ್ಟೆಗೆ ಒಂದು ಡಾಲರ್, ಅದಕ್ಕಿಂತ ಕಡಿಮೆಗೆ ಯಾರೂ ಒಗೆಯಬಾರದು ಅಂತ ತೀರ್ಮಾನಿಸಿದರು. ಕರಪತ್ರ ಓದುವ ಜನ ಕಡಿಮೆ. ಹಾಗಾಗಿ ಮನೆಮನೆಗೆ ನಡೆದೇ ಹೋಗಿ ಹೇಳಿದರು, ಚರ್ಚುಗಳಲ್ಲಿ ಸಭೆ ಸೇರಿಸಿದರು. ಮೂರು ವಾರದೊಳಗೆ ಇಪ್ಪತ್ತು ಜನ ಮೂರು ಸಾವಿರವಾದರು. ಊರಿನ ಬಟ್ಟೆಯೆಲ್ಲ ಕೊಳೆಯಾಗಿ ಬಿದ್ದಿತು. ಪತ್ರಿಕೆಗಳು ಹಂಗಿಸಿದವು, ಪೊಲೀಸರು ಮುಂದಾಳುಗಳನ್ನು ಹಿಡಿದು ದಂಡ ಹಾಕಿಸಿದರು. ಸಾರಾ ಕಾಲಿಯರ್ ಅನ್ನುವ ನಲವತ್ತೊಂಬತ್ತರ ಹೆಂಗಸು, ಆಸ್ತಮಾ ರೋಗಿ, ಎರಡು ಮಕ್ಕಳ ತಾಯಿ, ಇಪ್ಪತ್ತು ಡಾಲರ್ ದಂಡ ಕಟ್ಟುವುದಿಲ್ಲ ಅಂದದ್ದಕ್ಕೆ ನಲವತ್ತು ದಿನ ಸರಪಳಿ ಕೈದಿಗಳ ಜೊತೆ ದುಡಿಯುವ ಶಿಕ್ಷೆಗೆ ಗುರಿಯಾದರು.

ಆಗ ನಗರಸಭೆ ಇನ್ನೊಂದು ಹೊಸ ಉಪಾಯ ಹೂಡಿತು. ಈ ಸೊಸೈಟಿಯ ಸದಸ್ಯೆಯರು ವರ್ಷಕ್ಕೆ ಇಪ್ಪತ್ತೈದು ಡಾಲರ್ ಲೈಸೆನ್ಸ್ ಶುಲ್ಕ ಕಟ್ಟಬೇಕು ಅಂತ ಪ್ರಸ್ತಾಪ ತಂದಿತು. ಅಷ್ಟು ದುಡ್ಡು ಹಲವರ ತಿಂಗಳುಗಟ್ಟಲೆ ದುಡಿಮೆ. ಹೆಂಗಸರು ಮೇಯರಿಗೆ ಕಾಗದ ಬರೆದರು. ಕಟ್ಟುತ್ತೇವೆ, ಬೇಕಾದರೆ ಐವತ್ತೂ ಕಟ್ಟುತ್ತೇವೆ, ಆದರೆ ಆಮೇಲೆ ಊರಿನ ಬಟ್ಟೆ ಒಗೆತದ ದರ ನಿಶ್ಚಯಿಸುವವರು ನಾವೇ ಅನ್ನುವುದು ಆ ಕಾಗದದ ತಾತ್ಪರ್ಯ. ಅಕ್ಷರ ಕಲಿಯುವುದೇ ಅಪರಾಧವಾಗಿದ್ದ ಕಾಲದಲ್ಲಿ ಹುಟ್ಟಿದ ಹೆಂಗಸರು ಅಧಿಕಾರದ ಪಟ್ಟನ್ನು ಅದರ ಮೇಲೆಯೇ ತಿರುಗಿಸಿದ ಬಗೆ ನೋಡು. ನಗರಸಭೆ ಪ್ರಸ್ತಾಪ ಕೈಬಿಟ್ಟಿತು. ಎಲ್ಲರ ಕೂಲಿ ಎಷ್ಟು ಏರಿತೋ ಅದು ಬೇರೆ ಮಾತು. ಆದರೆ ಅಡುಗೆಯವರು, ದಾದಿಯರು, ಹೋಟೆಲಿನ ಮಾಣಿಗಳು ಕೂಡ ಕೂಲಿ ಹೆಚ್ಚಿಸಿ ಅಂತ ಕೇಳಲು ಬಾಯಿ ತೆರೆದರು. ಇದು ಮಾರ್ಟಿನ್ ಲೂಥರ್ ಕಿಂಗ್ ಹುಟ್ಟುವುದಕ್ಕೆ ನಲವತ್ತೆಂಟು ವರ್ಷ ಮೊದಲು, ಅವರು ಹುಟ್ಟಿದ ಅದೇ ಊರಿನಲ್ಲಿ ನಡೆದದ್ದು.

ಈಗ 1968ಕ್ಕೆ ಬಾ. ಅದೇ ಅಟ್ಲಾಂಟಾ. ಡೊರೊಥಿ ಬೋಲ್ಡನ್ ಅನ್ನುವ ಹೆಂಗಸು. ಒಂಬತ್ತನೇ ವಯಸ್ಸಿಗೇ ಬೇರೆಯವರ ಮನೆಯ ಕೂಸಿನ ಬಟ್ಟೆ ಒಗೆಯಲು ನಿಂತವರು. ಒಮ್ಮೆ ಕೆಲಸದ ಹೊತ್ತು ಮುಗಿದ ಮೇಲೂ ಪಾತ್ರೆ ತೊಳೆ ಅಂದ ಒಡತಿಗೆ ಆಗುವುದಿಲ್ಲ ಅಂದದ್ದಕ್ಕೆ ಪೊಲೀಸರು ಹಿಡಿದುಕೊಂಡು ಹೋದರು. ಬಿಳಿ ಹೆಂಗಸಿಗೆ ಎದುರಾಡಿದವಳ ತಲೆ ಸರಿಯಿದೆಯೋ ಇಲ್ಲವೋ ಅಂತ ವೈದ್ಯರಿಂದ ಪರೀಕ್ಷೆಯನ್ನೂ ಮಾಡಿಸಿದರು. ಮನೆಗೆಲಸದವರ ಬಗ್ಗೆ ಏನಾದರೂ ಮಾಡಿ ಅಂತ ಅವರು ನೆರೆಯವರೇ ಆಗಿದ್ದ ಕಿಂಗ್ ಅವರನ್ನು ಕೇಳಿದಾಗ, ನೀವೇ ಮಾಡಿ ಅಂದರಂತೆ. ಬೋಲ್ಡನ್ ಮಾಡಿದರು. ಎಲ್ಲಿ ಅಂತೀಯ? ಸಿಟಿ ಬಸ್ಸಿನಲ್ಲಿ.

ಮನೆಗೆಲಸದವರಿಗೆ ಕಾರ್ಖಾನೆಯ ಗೇಟಿಲ್ಲ, ಊಟದ ಬಿಡುವಿನಲ್ಲಿ ಒಟ್ಟು ಕೂರುವ ಜಾಗವಿಲ್ಲ. ಒಬ್ಬೊಬ್ಬರೂ ಒಂದೊಂದು ಮನೆಯ ಒಳಗೆ ಒಂಟಿ. ಅವರೆಲ್ಲ ಒಟ್ಟಿಗೆ ಇರುವ ಒಂದೇ ಜಾಗ ಬೆಳಗಿನ ಜಾವದ ಬಸ್ಸು. ಬೋಲ್ಡನ್ ಆ ಬಸ್ಸುಗಳಲ್ಲಿ ಓಡಾಡಿ ಒಬ್ಬೊಬ್ಬರನ್ನೇ ಮಾತಾಡಿಸಿದರು. ನಿನಗೆ ಎಷ್ಟು ಕೊಡುತ್ತಾರೆ, ಎಷ್ಟು ಹೊತ್ತು ದುಡಿಸುತ್ತಾರೆ, ಬಸ್ಸಿನ ಚಾರ್ಜು ಯಾರದ್ದು ಅಂತ ವಿಚಾರಿಸಿದರು. ಹಾಗೆ ಕಟ್ಟಿದ್ದೇ ನ್ಯಾಷನಲ್ ಡೊಮೆಸ್ಟಿಕ್ ವರ್ಕರ್ಸ್ ಯೂನಿಯನ್. ಸದಸ್ಯತ್ವಕ್ಕೆ ಒಂದು ಡಾಲರ್, ಜೊತೆಗೆ ಮತದಾರರ ಪಟ್ಟಿಯಲ್ಲಿ ಹೆಸರಿರಲೇಬೇಕು ಅನ್ನುವ ಕಟ್ಟಳೆ. ಹೆಸರಿಗೆ ಯೂನಿಯನ್ ಆದರೂ ಮಾಲೀಕರ ಸಂಘದ ಜೊತೆ ಕೂತು ಒಪ್ಪಂದ ಮಾಡಿಕೊಳ್ಳುವ ದಾರಿ ಅವರಿಗಿರಲಿಲ್ಲ, ಯಾಕೆಂದರೆ ಮಾಲೀಕರ ಸಂಘವೇ ಇಲ್ಲ. ಇದ್ದದ್ದು ಸಾವಿರಾರು ಬೇರೆ ಬೇರೆ ಅಡುಗೆಮನೆಗಳು. ಅದಕ್ಕೆ ಬೋಲ್ಡನ್ ಒಬ್ಬೊಬ್ಬ ಹೆಂಗಸಿಗೂ ತನ್ನ ಒಡತಿಯ ಎದುರು ಕೂತು ಸಂಬಳ, ಹೊತ್ತು, ರಜೆ ಮಾತಾಡಿಕೊಳ್ಳುವುದನ್ನು ಕಲಿಸಿದರು. ಅಟ್ಲಾಂಟಾದ ಚುನಾವಣೆಗಳಲ್ಲಿ ನಿಂತವರು ಮತ ಕೇಳಲು ಅವರ ಬಾಗಿಲಿಗೆ ಬರುವಷ್ಟು ಆ ಹೆಂಗಸರ ಪಟ್ಟಿ ಬಲವಾಯಿತು.

ಇಲ್ಲಿ ಕಾನೂನಿನ ವಿಷಯ ಒಂದು ತಿಳಿದುಕೊಂಡಿರು. ಕಾರ್ಮಿಕರು ಸಂಘ ಕಟ್ಟುವ ಹಕ್ಕನ್ನು ಕೊಟ್ಟ 1935ರ ಅಮೆರಿಕದ ಕಾಯ್ದೆ ಮನೆಗೆಲಸದವರನ್ನೂ ಹೊಲಗೆಲಸದವರನ್ನೂ ಹೊರಗಿಟ್ಟಿತು. ದಕ್ಷಿಣದಲ್ಲಿ ಆ ಎರಡು ಕೆಲಸಗಳಲ್ಲಿ ತುಂಬಿದ್ದವರು ಯಾರು ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ. ಕನಿಷ್ಠ ಕೂಲಿಯ ಕಾಯ್ದೆ 1938ರಲ್ಲಿ ಬಂತು. ಮನೆಗೆಲಸದವರು ಅದರ ನೆರಳಿಗೆ ಬಂದದ್ದು 1974ರ ತಿದ್ದುಪಡಿಯಲ್ಲಿ. ಮೂವತ್ತಾರು ವರ್ಷ ತಡ. ಬಣ್ಣ, ಹೆಣ್ಣುತನ, ಕೂಲಿ ಈ ಮೂರೂ ಬೇರೆ ಬೇರೆ ಸಮಸ್ಯೆಗಳಲ್ಲ, ಒಬ್ಬಳೇ ಹೆಂಗಸಿನ ಒಂದೇ ದಿನದ ಬದುಕು. ನಿಮ್ಮ ಗುಂಪಿನಲ್ಲಿ ಯಾರಾದರೂ ನಾವು ಜನಾಂಗದ ವಿಷಯ ತಗೊಳ್ಳೋಣವೋ ಮಹಿಳೆಯರ ವಿಷಯ ತಗೊಳ್ಳೋಣವೋ ಅಂತ ಕೇಳಿದರೆ ಬೋಲ್ಡನ್ ಹತ್ತಿದ ಆ ಬಸ್ಸಿನ ಕಥೆ ಹೇಳು.

ಬಸ್ಸು ಅಂದ ಕೂಡಲೆ ನಿನಗೆ ರೋಸಾ ಪಾರ್ಕ್ಸ್ ನೆನಪಾಗಿರುತ್ತಾರೆ. ನಿನ್ನ ಮನೆಯಿಂದ ಕಾರಿನಲ್ಲಿ ಎರಡೂವರೆ ಗಂಟೆ ದೂರದ ಮಾಂಟ್‌ಗಮರಿಯಲ್ಲಿ 1955ರ ಡಿಸೆಂಬರ್ 1ರಂದು ಅವರು ಬಸ್ಸಿನ ಸೀಟು ಬಿಡಲಿಲ್ಲ, ದಣಿದಿದ್ದರು ಅಂತ ಮಕ್ಕಳ ಪುಸ್ತಕಗಳು ಹೇಳುತ್ತವೆ. ಅಷ್ಟೇ ಅಂದುಕೊಂಡರೆ ಅವರಿಗೆ ಅನ್ಯಾಯ. ಅದಕ್ಕೂ ಹನ್ನೊಂದು ವರ್ಷ ಹಿಂದೆ, 1944ರಲ್ಲಿ, ಅಲಬಾಮಾದ ಆಬ್‌ವಿಲ್ ಊರಿನಲ್ಲಿ ಚರ್ಚಿನಿಂದ ಮನೆಗೆ ನಡೆದು ಹೋಗುತ್ತಿದ್ದ ರೀಸಿ ಟೇಲರ್ ಅನ್ನುವ ತರುಣಿಯ ಮೇಲೆ ಬಿಳಿ ಗಂಡಸರ ಗುಂಪು ಅತ್ಯಾಚಾರ ಮಾಡಿದಾಗ, ಅಲ್ಲಿಗೆ ಹೋಗಿ ವಿಚಾರಣೆ ನಡೆಸಿ ಆಕೆಗೆ ನ್ಯಾಯ ಸಿಗಬೇಕೆಂದು ಸಮಿತಿ ಕಟ್ಟಿದವರಲ್ಲಿ ಪಾರ್ಕ್ಸ್ ಒಬ್ಬರು. ತಪ್ಪಿತಸ್ಥರಿಗೆ ಶಿಕ್ಷೆಯಾಗಲಿಲ್ಲ. ಅಲಬಾಮಾದ ಶಾಸನಸಭೆ ಕ್ಷಮೆ ಕೇಳಿದ್ದು 2011ರಲ್ಲಿ. ಮಾಂಟ್‌ಗಮರಿಯ ಬಸ್ಸಿನ ಸಿಟ್ಟಿನ ಹಿಂದೆ ಇಂಥ ಸಿಟ್ಟುಗಳು ಸಾಕಷ್ಟಿದ್ದವು.

ಪಾರ್ಕ್ಸ್ ಬಂಧನವಾದ ರಾತ್ರಿ ಜೋ ಆನ್ ರಾಬಿನ್ಸನ್ ಏನು ಮಾಡಿದರು ಗೊತ್ತೇ? ಅವರು ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು, ವಿಮೆನ್ಸ್ ಪೊಲಿಟಿಕಲ್ ಕೌನ್ಸಿಲ್ ಅನ್ನುವ ಕಪ್ಪು ಮಹಿಳೆಯರ ಸಂಘದ ಅಧ್ಯಕ್ಷೆ. 1949ರಲ್ಲಿ ಬಸ್ಸಿನ ಐದನೇ ಸಾಲಿನಲ್ಲಿ ಕೂತದ್ದಕ್ಕೆ ಡ್ರೈವರ್ ಗದರಿಸಿ ಇಳಿಸಿದ ಅವಮಾನ ಅವರ ಮನಸ್ಸಿನಲ್ಲಿ ಉಳಿದಿತ್ತು. ಬಸ್ಸಿನಲ್ಲಿ ನಮ್ಮನ್ನು ಹೀಗೆ ನಡೆಸಿಕೊಂಡರೆ ಬಹಿಷ್ಕಾರ ಹಾಕಬೇಕಾದೀತು ಅಂತ 1954ರ ಮೇ ತಿಂಗಳಲ್ಲೇ ಅವರು ಮೇಯರಿಗೆ ಪತ್ರ ಬರೆದಿದ್ದರು. ಅಂದು ರಾತ್ರಿ ಕಾಲೇಜಿನ ಸೈಕ್ಲೊಸ್ಟೈಲ್ ಯಂತ್ರದ ಮುಂದೆ ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳ ಜೊತೆ ನಿಂತು ಬೆಳಗಿನ ಜಾವ ನಾಲ್ಕರವರೆಗೆ ಬಸ್ಸು ಹತ್ತಬೇಡಿ ಅನ್ನುವ ಹತ್ತಾರು ಸಾವಿರ ಕರಪತ್ರ ತೆಗೆದರು. ಎಂಟು ಗಂಟೆಗೆ ಪಾಠ ಮಾಡಿದರು. ಪಾಠ ಮುಗಿದ ಮೇಲೆ ಕಾರಿನಲ್ಲಿ ತುಂಬಿಕೊಂಡು ಶಾಲೆ, ಅಂಗಡಿ, ಕ್ಷೌರದಂಗಡಿ, ಬ್ಯೂಟಿ ಪಾರ್ಲರ್‌ಗಳಿಗೆ ಹಂಚಿದರು. ಒಂದೇ ರಾತ್ರಿಯಲ್ಲಿ ಇದು ಆದದ್ದಕ್ಕೆ ಕಾರಣ ಅದರ ಹಿಂದಿನ ವರ್ಷಗಳು. ಯಾವ ಬೀದಿಗೆ ಯಾರು ಹಂಚಬೇಕು ಅನ್ನುವ ಲೆಕ್ಕ ಅವರ ಸಂಘದಲ್ಲಿ ಮೊದಲೇ ತಯಾರಿತ್ತು.

ಬಹಿಷ್ಕಾರ 381 ದಿನ ನಡೆಯಿತು. ಅಷ್ಟು ದಿನ ಊರಿನ ಕೆಲಸದವರನ್ನೆಲ್ಲ ಕಾರಿನಲ್ಲಿ ಸಾಗಿಸಬೇಕಿತ್ತಲ್ಲ, ಪೆಟ್ರೋಲಿಗೆ ದುಡ್ಡು? ಇಲ್ಲಿ ನನಗೆ ತುಂಬಾ ಪ್ರೀತಿಯ ಹೆಂಗಸೊಬ್ಬರು ಬರುತ್ತಾರೆ, ಜಾರ್ಜಿಯಾ ಗಿಲ್ಮೋರ್. ಅಡುಗೆಯವರು, ಸೂಲಗಿತ್ತಿಯೂ ಹೌದು, ಹಲವು ಮಕ್ಕಳ ತಾಯಿ. ಕಾಸು ಕೊಟ್ಟ ಮೇಲೂ ಇಳಿದು ಹಿಂಬಾಗಿಲಿನಿಂದ ಹತ್ತು ಅಂದು, ಇಳಿದ ಕೂಡಲೆ ಬಸ್ಸು ಬಿಟ್ಟುಕೊಂಡು ಹೋದ ಡ್ರೈವರನ ದೆಸೆಯಿಂದ, ಊರಿನ ಬಹಿಷ್ಕಾರಕ್ಕೂ ಮೊದಲೇ ತಾವೊಬ್ಬರೇ ಬಸ್ಸು ಹತ್ತುವುದನ್ನು ಬಿಟ್ಟಿದ್ದವರು. ಇವರು ನೆರೆಹೊರೆಯ ಹೆಂಗಸರನ್ನು ಸೇರಿಸಿ ಕೋಳಿ ಹುರಿದು, ಕೇಕು, ಕಡುಬಿನಂಥ ಸಿಹಿ ಪೈಗಳನ್ನು ಬೇಯಿಸಿ ಬ್ಯೂಟಿ ಪಾರ್ಲರ್‌ಗಳಲ್ಲಿ, ಟ್ಯಾಕ್ಸಿ ನಿಲ್ದಾಣಗಳಲ್ಲಿ, ಚರ್ಚಿನ ಅಂಗಳಗಳಲ್ಲಿ ಮಾರಿದರು. ಬಿಳಿಯರ ಮನೆಯಲ್ಲಿ ದುಡಿಯುವ ಹೆಂಗಸರ ಹೆಸರು ಹೊರಬಿದ್ದರೆ ಕೆಲಸ ಹೋಗುತ್ತದೆ. ಹಾಗಾಗಿ ಯಾರು ಏನು ಕೊಟ್ಟರು ಅನ್ನುವುದು ಗಿಲ್ಮೋರ್ ಅವರಿಗೊಬ್ಬರಿಗೇ ಗೊತ್ತು. ದುಡ್ಡು ಎಲ್ಲಿಂದ ಬಂತು ಅಂದರೆ ಎಲ್ಲಿಂದಲೂ ಇಲ್ಲ ಅನ್ನುವುದೇ ಉತ್ತರ, ಅದೇ ಗುಂಪಿನ ಹೆಸರೂ ಆಯಿತು: 'ದಿ ಕ್ಲಬ್ ಫ್ರಮ್ ನೋವೇರ್'. ವಾರವಾರ ನೂರಕ್ಕೂ ಹೆಚ್ಚು ಡಾಲರ್ ಎಣಿಸಿ ಸಭೆಯಲ್ಲಿ ಒಪ್ಪಿಸುತ್ತಿದ್ದರು. ಊರಿನ ಇನ್ನೊಂದು ಭಾಗದಲ್ಲಿ ಐನೆಜ್ ರಿಕ್ಸ್ ಕಟ್ಟಿದ 'ಫ್ರೆಂಡ್ಲಿ ಕ್ಲಬ್' ಜೊತೆ ಯಾರು ಹೆಚ್ಚು ತಂದರು ಅನ್ನುವ ಪೈಪೋಟಿ ಬೇರೆ! 1956ರ ಮಾರ್ಚಿನಲ್ಲಿ ಬಹಿಷ್ಕಾರದ ಮುಂದಾಳುತನಕ್ಕಾಗಿ ವಿಚಾರಣೆ ಎದುರಿಸುತ್ತಿದ್ದ ಕಿಂಗ್ ಅವರ ಪರ ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಗಿಲ್ಮೋರ್ ಕೆಲಸ ಕಳೆದುಕೊಂಡರು. ಆಮೇಲೆ ಮನೆಯಲ್ಲೇ ಊಟ ಹಾಕಲು ತೊಡಗಿದರು. ಚಳವಳಿಯ ಎಷ್ಟೋ ಗುಟ್ಟಿನ ಸಭೆಗಳು ಅವರ ಊಟದ ಮೇಜಿನ ಸುತ್ತ ನಡೆದವು.

ಕೊನೆಗೆ ಬಸ್ಸಿನ ಕಾನೂನು ಬಿದ್ದದ್ದು ಕೋರ್ಟಿನಲ್ಲಿ. ಬ್ರೌಡರ್ ವಿರುದ್ಧ ಗೇಲ್ ಅನ್ನುವ ಆ ಮೊಕದ್ದಮೆಯಲ್ಲಿ ಗೆದ್ದವರು ನಾಲ್ವರು, ನಾಲ್ವರೂ ಹೆಂಗಸರೇ: ಅರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್, ಕ್ಲಾಡೆಟ್ ಕಾಲ್ವಿನ್. ಕಾಲ್ವಿನ್ ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ ಸೀಟು ಬಿಡದೆ ಬಂಧನಕ್ಕೊಳಗಾದಾಗ ಹದಿನೈದರ ಹುಡುಗಿ. ನಿಮ್ಮ ಮಕ್ಕಳಿಗೆ ಹೇಳುವಾಗ ಈ ಹೆಸರುಗಳನ್ನೂ ಹೇಳಿ.

ಇನ್ನು ಸೆಪ್ಟಿಮಾ ಕ್ಲಾರ್ಕ್ ಬಗ್ಗೆ ಹೇಳದೆ ಬಿಟ್ಟರೆ ಮೇಷ್ಟ್ರಾಗಿದ್ದ ನನಗೆ ಸಮಾಧಾನವಿಲ್ಲ. ದಕ್ಷಿಣ ಕ್ಯಾರೊಲೈನಾದ ಈ ಶಿಕ್ಷಕಿ ನಲವತ್ತು ವರ್ಷ ಪಾಠ ಹೇಳಿದ ಮೇಲೆ, ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ಸದಸ್ಯತ್ವ ಬಿಡುವುದಿಲ್ಲ ಅಂದದ್ದಕ್ಕೆ 1956ರಲ್ಲಿ ಕೆಲಸವನ್ನೂ ಪಿಂಚಣಿಯನ್ನೂ ಕಳೆದುಕೊಂಡರು. ಅಲ್ಲಿಂದ ಟೆನ್ನೆಸಿಯ ಹೈಲ್ಯಾಂಡರ್ ಶಾಲೆ ಸೇರಿದರು. ಆ ಕಾಲಕ್ಕೆ ಮತದಾರರ ಪಟ್ಟಿಗೆ ಸೇರಬೇಕಾದರೆ ರಾಜ್ಯದ ಸಂವಿಧಾನದ ಒಂದು ಭಾಗವನ್ನು ಓದಿ ತೋರಿಸಬೇಕಿತ್ತು. ಕಪ್ಪು ಜನರನ್ನು ಹೊರಗಿಡಲು ಅದೇ ಹತಾರ. ದಕ್ಷಿಣ ಕ್ಯಾರೊಲೈನಾದ ಜಾನ್ಸ್ ಐಲೆಂಡ್‌ನಲ್ಲಿ ಬಸ್ಸು ಓಡಿಸುತ್ತಿದ್ದ ಈಸಾ ಜೆಂಕಿನ್ಸ್, ತನ್ನ ಪ್ರಯಾಣಿಕರಿಗೆ ಓದು ಕಲಿಸಲು ಯಾರಾದರೂ ಬನ್ನಿ ಅಂತ ಕೇಳಿದರು. 1957ರ ಜನವರಿಯಲ್ಲಿ ಅಲ್ಲಿ ಮೊದಲ 'ನಾಗರಿಕ ಶಾಲೆ' ತೆರೆಯಿತು. ಮುಂದುಗಡೆ ದಿನಸಿ ಅಂಗಡಿ, ಹಿಂದಿನ ಕೋಣೆಯಲ್ಲಿ ತರಗತಿ; ಬಿಳಿಯರ ಕಣ್ಣಿಗೆ ಅಂಗಡಿ ಮಾತ್ರ ಕಾಣಬೇಕು.

ಪಾಠ ಹೇಳಲು ಕ್ಲಾರ್ಕ್ ಆರಿಸಿದ್ದು ತರಬೇತಾದ ಶಿಕ್ಷಕಿಯನ್ನಲ್ಲ, ಬರ್ನಿಸ್ ರಾಬಿನ್ಸನ್ ಅನ್ನುವ ಕೂದಲು ಸಿಂಗರಿಸುವ ಹೆಂಗಸನ್ನು. ಬಹಳ ಯೋಚಿಸಿ ಮಾಡಿದ ಆಯ್ಕೆ ಅದು. ಆಕೆಯ ಗಿರಾಕಿಗಳು ಕಪ್ಪು ಹೆಂಗಸರೇ ಆದ್ದರಿಂದ ಬಿಳಿಯರು ಕೆಲಸದಿಂದ ಕಿತ್ತು ಬೆದರಿಸುವಂತಿಲ್ಲ. ಜನರ ಮಾತು ಕೇಳಿಸಿಕೊಳ್ಳುವುದೇ ಆಕೆಯ ಕಸುಬು. ಮತ್ತೆ, ಓದು ಬಾರದವರನ್ನು ಕೀಳಾಗಿ ಕಾಣುವ ಮೇಷ್ಟ್ರ ಬಿಗುಮಾನ ಆಕೆಗಿರಲಿಲ್ಲ. ಮೊದಲ ರಾತ್ರಿ ಬಂದವರು ಹದಿನಾಲ್ಕು ಮಂದಿ. ನಾನು ಟೀಚರಲ್ಲ, ನಾವೆಲ್ಲ ಒಟ್ಟಿಗೆ ಕಲಿಯೋಣ, ನಿಮಗೆ ಏನು ಬೇಕು ಅಂತ ಆಕೆ ಕೇಳಿದರು. ಸಹಿ ಹಾಕಲು ಬರಬೇಕು ಅಂದರು ಕೆಲವರು. ಬೈಬಲ್ ಓದಬೇಕು, ಮನಿಯಾರ್ಡರ್ ಫಾರಂ ತುಂಬಬೇಕು, ಸೈನ್ಯದಲ್ಲಿರುವ ಮಗನಿಗೆ ಕಾಗದ ಬರೆಯಬೇಕು ಅಂದರು ಇನ್ನು ಕೆಲವರು. ತಂದಿದ್ದ ಮಕ್ಕಳ ಪಠ್ಯಪುಸ್ತಕಗಳನ್ನು ಆಕೆ ಬದಿಗಿಟ್ಟು, ಅವರು ಕೇಳಿದ್ದರಿಂದಲೇ ಪಾಠ ಕಟ್ಟಿದರು.

ಇದನ್ನು ಓದುವಾಗ ನನಗೆ ನಮ್ಮ ಸಾಕ್ಷರತಾ ಆಂದೋಲನದ ರಾತ್ರಿ ತರಗತಿಗಳು ಕಣ್ಣಿಗೆ ಕಟ್ಟಿದವು. ನಮ್ಮ ಹೆಂಗಸರಿಗೂ ಮೊದಲು ಬೇಕಾಗಿದ್ದು ಬಸ್ಸಿನ ಬೋರ್ಡು ಓದುವುದು, ಸೊಸೈಟಿ ಪುಸ್ತಕದಲ್ಲಿ ಹೆಬ್ಬೆಟ್ಟಿನ ಬದಲು ಹೆಸರು ಬರೆಯುವುದು. ಏನು ಬೇಕು ಅಂತ ಕೇಳಿ ಶುರು ಮಾಡಿದ ಕಡೆ ಜನ ಮಳೆಯಲ್ಲೂ ಬರುತ್ತಿದ್ದರು. ಜಾನ್ಸ್ ಐಲೆಂಡ್‌ನಲ್ಲೂ ಹಾಗೇ ಆಯಿತು. ದ್ವೀಪದ ಒಂದು ಹಿಂಕೋಣೆಯಿಂದ ಶುರುವಾದ ಶಾಲೆಗಳು 1961ರಿಂದ ಕಿಂಗ್ ಅವರ ಎಸ್‌ಸಿಎಲ್‌ಸಿ ಸಂಸ್ಥೆಯ ಆಶ್ರಯದಲ್ಲಿ ದಕ್ಷಿಣದುದ್ದಕ್ಕೂ ಹರಡಿದವು. ನೀನಿರುವ ಜಾರ್ಜಿಯಾದ ಮಿಡ್‌ವೇ ಹತ್ತಿರದ ಡಾರ್ಚೆಸ್ಟರ್ ಕೇಂದ್ರದಲ್ಲಿ ಶಿಕ್ಷಕರ ತರಬೇತಿ ನಡೆಯುತ್ತಿತ್ತು. ಅಲ್ಲಿ ತಯಾರಾದವರಲ್ಲಿ ಮಿಸಿಸಿಪ್ಪಿಯ ಹತ್ತಿ ಹೊಲದಿಂದ ಬಂದ ಫ್ಯಾನಿ ಲೂ ಹೇಮರ್ ಒಬ್ಬರು.

ಇಷ್ಟೆಲ್ಲ ಮಾಡಿದ ಕ್ಲಾರ್ಕ್ ಅವರಿಗೆ ಎಸ್‌ಸಿಎಲ್‌ಸಿಯ ಕಾರ್ಯಕಾರಿ ಮಂಡಳಿಯಲ್ಲಿ ಸಿಕ್ಕ ಮರ್ಯಾದೆ ಎಷ್ಟು? ಈಕೆ ಇಲ್ಲಿ ಯಾಕಿದ್ದಾರೆ ಅಂತ ಒಬ್ಬ ದೊಡ್ಡ ನಾಯಕರು ಸಭೆಯಲ್ಲೇ ಮತ್ತೆ ಮತ್ತೆ ಕೇಳುತ್ತಿದ್ದರು. ಹೆಂಗಸರ ಮಾತಿಗೆ ಗಂಡಸರು ಕಿವಿಗೊಡದಿದ್ದದ್ದು ಚಳವಳಿಯ ದೊಡ್ಡ ದೌರ್ಬಲ್ಯ ಅಂತ ಕ್ಲಾರ್ಕ್ ಮುಂದೆ ನೇರವಾಗಿಯೇ ಹೇಳಿದರು. 1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಮುಖ್ಯ ಭಾಷಣಕಾರರ ಪಟ್ಟಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಸಂಘಟನಾ ಸಮಿತಿಯಲ್ಲಿದ್ದ ಆನಾ ಹೆಡ್ಜ್‌ಮನ್ ಪ್ರತಿಭಟಿಸಿದ ಮೇಲೆ ಡೇಸಿ ಬೇಟ್ಸ್ ಅವರಿಗೆ ಕೆಲವು ಸಾಲಿನ ಮಾತು ದಕ್ಕಿತು. ಗಂಡಸು ನಾಯಕರು ಪತ್ರಕರ್ತರೊಂದಿಗೆ ಒಂದು ಬೀದಿಯಲ್ಲಿ ನಡೆದರೆ, ರೋಸಾ ಪಾರ್ಕ್ಸ್ ಮುಂತಾದ ಹೆಂಗಸರನ್ನು ಬೇರೆ ಬೀದಿಯಲ್ಲಿ ನಡೆಸಲಾಯಿತು. ತೇರಿನ ಹಗ್ಗ ಹಿಡಿದವರಿಗೆ ತೇರಿನ ಮೇಲೆ ಜಾಗವಿಲ್ಲದ ಹಾಗೆ. ಆ ಚಳವಳಿಯ ಬಗ್ಗೆ ನನಗಿರುವ ಗೌರವ ಎಳ್ಳಷ್ಟೂ ಕಡಿಮೆಯಾಗದೆಯೇ ಈ ಮಾತು ಹೇಳುತ್ತಿದ್ದೇನೆ.

ಇದನ್ನು ಯಾಕೆ ಎತ್ತಿದೆ ಅಂದರೆ, ನಮ್ಮ ಕನ್ನಡ ಕೂಟಗಳಲ್ಲೂ ರಂಗೋಲಿ, ಅಡುಗೆ, ಮಕ್ಕಳ ಕಾರ್ಯಕ್ರಮ ಹೆಂಗಸರದ್ದು, ಬಜೆಟ್ಟು ಮತ್ತು ಮೈಕು ಗಂಡಸರದ್ದು ಅನ್ನುವ ಏರ್ಪಾಡು ತಾನಾಗಿಯೇ ಬಂದುಬಿಡುತ್ತದೆ. ಅಡುಗೆ ಕೀಳಲ್ಲ; ಗಿಲ್ಮೋರ್ ಅವರ ಒಲೆ ಇಲ್ಲದಿದ್ದರೆ ಮಾಂಟ್‌ಗಮರಿಯ ಕಾರುಗಳು ಓಡುತ್ತಿರಲಿಲ್ಲ. ಆದರೆ ದುಡ್ಡು ತಂದವರು ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ತೀರ್ಮಾನಿಸಬೇಕು. ನಿಮ್ಮ ಗುಂಪಿನ ಮೊದಲ ಸಭೆಯಲ್ಲೇ ಇದನ್ನು ಬರೆದಿಟ್ಟುಕೊಳ್ಳಿ. ನೀವು ಕಪ್ಪು ಹೆಂಗಸರ ಸಂಘದ ಜೊತೆ ಕೆಲಸ ಮಾಡುವಾಗಲೂ ಈ ನಿಯಮ ನಿಮಗೆ ಅನ್ವಯ. ನಿಮ್ಮ ಗುಂಪು ಎಷ್ಟೇ ದೇಣಿಗೆ ತಂದಿರಲಿ, ಅವರ ಬೀದಿಯ ಕೆಲಸದ ತೀರ್ಮಾನ ಅವರದ್ದು.

ಇದರಲ್ಲಿ ನಮಗೇನು ಸಂಬಂಧ, ನಾವು ಹೊರಗಿನಿಂದ ಬಂದವರು ಅಂತ ನಿಮ್ಮವರೇ ಕೆಲವರು ಅನ್ನುತ್ತಾರೆ ಅಂತ ಬರೆದಿದ್ದೀಯ. ಅವರಿಗೆ ಸ್ವಲ್ಪ ಚರಿತ್ರೆ ಹೇಳು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರರಾಗುವಂತಿಲ್ಲ ಅಂತ ತೀರ್ಪು ಕೊಟ್ಟಿತು. 1946ರಲ್ಲಿ ಬಾಗಿಲು ಸ್ವಲ್ಪ ತೆರೆದಾಗ ವರ್ಷಕ್ಕೆ ನೂರು ಭಾರತೀಯರಿಗೆ ಮಾತ್ರ ಜಾಗ. ಅದು ಅಗಲವಾಗಿ ತೆರೆದದ್ದು 1965ರ ಅಕ್ಟೋಬರಿನ ವಲಸೆ ಕಾಯ್ದೆಯಿಂದ. ಅದೇ ವರ್ಷದ ಆಗಸ್ಟಿನಲ್ಲಿ ಮತದಾನ ಹಕ್ಕಿನ ಕಾಯ್ದೆ ಬಂದಿತ್ತು. ಜನಾಂಗ ನೋಡಿ ಮನುಷ್ಯರನ್ನು ಅಳೆಯುವುದು ನಾಚಿಕೆಗೇಡು ಅನ್ನುವ ಗಾಳಿಯನ್ನು ಆ ದೇಶದಲ್ಲಿ ಬೀಸಿಸಿದವರು ಕಪ್ಪು ಜನ. ನಮ್ಮ ಇಂಜಿನಿಯರುಗಳು, ಡಾಕ್ಟರುಗಳು ಆ ಗಾಳಿಯಲ್ಲೇ ಅಲ್ಲಿಗೆ ಬಂದಿಳಿದರು. ನೀವು ಮಾಡಹೊರಟಿರುವುದು ಉಪಕಾರವಲ್ಲ ಮಗಳೇ, ಋಣ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1941ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ ಟಿಕೆಟ್ ಕಲೆಕ್ಟರ್ ಬಂದು ಬೇರೆ ಡಬ್ಬಿಗೆ ಹೋಗಿ ಅಂದ. ಇವರು ಏಳಲಿಲ್ಲ. ಯಾವ ದೇಶದವರು ಅಂತ ಅವನು ಮತ್ತೆ ವಿಚಾರಿಸಿದ. ಭಾರತದವಳು ಅಂದಿದ್ದರೆ ವಿದೇಶಿ ಅಂತ ಬಿಟ್ಟುಬಿಡುತ್ತಿದ್ದನೋ ಏನೋ. ಆ ರಿಯಾಯಿತಿ ಅವರಿಗೆ ಬೇಕಿರಲಿಲ್ಲ. ನಾನು ಬಣ್ಣದ ಹೆಂಗಸು, ಕಾಣಿಸುತ್ತಿದೆಯಲ್ಲ, ಇಲ್ಲಿಂದ ಕದಲುವುದಿಲ್ಲ ಅನ್ನುವ ಅರ್ಥದ ಮಾತಾಡಿ ಕೂತೇ ಇದ್ದರು. ಅವನು ಗೊಣಗಿಕೊಂಡು ಹೋದ. 1951ರಲ್ಲಿ ಕಾಗೋಡು ರೈತರ ಜೊತೆ ನಿಂತು ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ, 1964ರ ಮೇ ತಿಂಗಳಲ್ಲಿ ಮಿಸಿಸಿಪ್ಪಿಯ ಜ್ಯಾಕ್ಸನ್ ಊರಿನಲ್ಲಿ ಬಿಳಿಯರಿಗೆ ಮಾತ್ರ ಅನ್ನುತ್ತಿದ್ದ ಹೋಟೆಲಿಗೆ ಪಂಚೆಯುಟ್ಟುಕೊಂಡೇ ಹೋಗಿ ಅಲ್ಲೂ ಬಂಧನಕ್ಕೊಳಗಾದರು. ವಿದೇಶಿ ಅತಿಥಿಗೆ ಸಿಗುವ ವಿನಾಯಿತಿಯನ್ನು ಇಬ್ಬರೂ ತೆಗೆದುಕೊಳ್ಳಲಿಲ್ಲ. ನಿಮಗೂ ಅಲ್ಲಿ ಒಳ್ಳೆಯ ಭಾರತೀಯರು, ಓದಿದವರು, ಗಲಾಟೆ ಮಾಡದವರು ಅಂತ ಬೇರೆ ಮಣೆ ಹಾಕುತ್ತಾರೆ. ಆ ಮಣೆಯ ಮೇಲೆ ಕೂತುಬಿಟ್ಟರೆ ಈ ಕೆಲಸ ಆಗುವುದಿಲ್ಲ.

ಇನ್ನೊಂದು ಕಷ್ಟದ ಮಾತು. ಕೆಲಸ ನಿಮ್ಮ ಊಟದ ಮೇಜಿನಿಂದಲೇ ಶುರುವಾಗಬೇಕು. ಆ ಏರಿಯಾದಲ್ಲಿ ಕರಿಯರು ಜಾಸ್ತಿ, ಅಲ್ಲಿ ಮನೆ ತಗೋಬೇಡಿ ಅನ್ನುವ ಸಲಹೆ ನಮ್ಮವರಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತದೆ ಅನ್ನುವುದು ನಿನಗೇ ಗೊತ್ತು. ಹೆಣ್ಣು ನೋಡುವಾಗ ಬಣ್ಣ ಹೇಗಿದೆ ಅಂತ ಕೇಳುವ ಬಾಯಿಯೇ ಅದನ್ನೂ ಹೇಳುತ್ತದೆ. ಇಲ್ಲಿ ನಾವೇನೂ ಮೇಲಲ್ಲ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟದ ಹತ್ತಿರ ಸುಡಾನಿನವನೊಬ್ಬನ ಕಾರು ಗುದ್ದಿ ಒಬ್ಬ ಮಹಿಳೆ ಸತ್ತರು. ಅದಕ್ಕೆ ಯಾವ ಸಂಬಂಧವೂ ಇಲ್ಲದೆ ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಜನ ಎಳೆದು ಹೊಡೆದು ಬಟ್ಟೆ ಹರಿದರು, ಅವಳೂ ಕಪ್ಪು ಅನ್ನುವುದೊಂದೇ ಕಾರಣಕ್ಕೆ. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ತಲೆತಲಾಂತರದಿಂದ ಬಾಳುತ್ತಿರುವ ನಮ್ಮ ಸಿದ್ದಿ ಹೆಣ್ಣುಮಕ್ಕಳನ್ನು ಬೆಂಗಳೂರಿನಲ್ಲಿ ಯಾವ ದೇಶದವರು ಅಂತ ಕೇಳುವ ಜನ ಇಂದಿಗೂ ಇದ್ದಾರೆ. ಅಟ್ಲಾಂಟಾದಲ್ಲಿ ಒಂದು ಮಾತು, ಅಮ್ಮನ ಮನೆಯ ವಾಟ್ಸಾಪಿನಲ್ಲಿ ಇನ್ನೊಂದು ಮಾತು ಆಗಬಾರದು. ಅತ್ತೆಮಾವನೊಂದಿಗೆ ಜಗಳವಾಡು ಅಂತ ಹೇಳುತ್ತಿಲ್ಲ. ಅಂಥ ಮಾತು ಬಂದಾಗ ಸುಮ್ಮನಿರಬೇಡ, ಮೆಲ್ಲಗೆ ಆದರೂ ಹೇಳು, ಮಕ್ಕಳು ಕೇಳಿಸಿಕೊಳ್ಳುವ ಹಾಗೆ ಹೇಳು.

ಈಗ ಮಾಡುವ ಕೆಲಸಕ್ಕೆ ಬರೋಣ. ಮನೆಗೆಲಸದ ಹೆಂಗಸರ ದೇಶವ್ಯಾಪಿ ಒಕ್ಕೂಟ, ನ್ಯಾಷನಲ್ ಡೊಮೆಸ್ಟಿಕ್ ವರ್ಕರ್ಸ್ ಅಲಯನ್ಸ್, ಹುಟ್ಟಿದ್ದು 2007ರಲ್ಲಿ ನಿಮ್ಮ ಅಟ್ಲಾಂಟಾದಲ್ಲೇ. ಇಂಥವರ ಒಂದು ಸಭೆಗೆ ಹೋಗಿ ಹಿಂದೆ ಕೂತು ಕೇಳಿ. ಮೊದಲ ಕೆಲವು ತಿಂಗಳು ವೇದಿಕೆ ಹತ್ತಬೇಡಿ, ಕರೆದರೂ ಬೇಡ. ಮಕ್ಕಳನ್ನು ನೋಡಿಕೊಳ್ಳುವವರಿಲ್ಲದೆ ಸಭೆಗೆ ಬಾರದ ತಾಯಂದಿರು ಇರುತ್ತಾರೆ. ಆ ಹೊತ್ತಿಗೆ ನಿಮ್ಮಲ್ಲಿ ಇಬ್ಬರು ಮಕ್ಕಳನ್ನು ಆಡಿಸಿ. ಲೆಕ್ಕ ಬಲ್ಲವಳು ಲೆಕ್ಕ ಬರೆದುಕೊಡಲಿ, ಕಾರಿರುವವಳು ವಯಸ್ಸಾದವರನ್ನು ಮತಗಟ್ಟೆಗೆ ಕರೆದುಕೊಂಡು ಹೋಗಲಿ. ನಿಮ್ಮಲ್ಲಿ ಪೌರತ್ವ ಸಿಕ್ಕವರು ಮತದಾರರ ಪಟ್ಟಿಗೆ ಸೇರಿ, ತಪ್ಪದೆ ಮತ ಹಾಕಿ. ವೀಸಾದ ಮೇಲಿರುವವರು ಆ ಫಾರಂ ಮುಟ್ಟಬೇಡಿ, ಅದು ನಿಮಗೂ ಅವರಿಗೂ ತೊಂದರೆ. ಎಷ್ಟು ಜನ ಸೇರುತ್ತೀರಿ ಅನ್ನುವುದಕ್ಕಿಂತ ಎಷ್ಟು ಕಾಲ ಬಿಡದೆ ಹೋಗುತ್ತೀರಿ ಅನ್ನುವುದು ಅವರಿಗೆ ಮುಖ್ಯ. ಸುದ್ದಿಯಲ್ಲಿ ಒಂದು ಸಾವು ಬಂದಾಗ ಓಡಿ ಬಂದು ಆಮೇಲೆ ಕಾಣೆಯಾಗುವವರನ್ನು ಆ ಹೆಂಗಸರು ಬೇಕಾದಷ್ಟು ನೋಡಿದ್ದಾರೆ.

ಜೊತೆಗೆ ಒಂದು ಕೆಲಸವನ್ನು ಯಾವ ಸಂಘವೂ ಇಲ್ಲದೆ ನೀನೊಬ್ಬಳೇ ಈ ವಾರವೇ ಮಾಡಬಹುದು. ನಿನ್ನ ಮನೆ ಶುಚಿ ಮಾಡಲು, ಮಗುವನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಾರೆ ಅಂದಿದ್ದೆಯಲ್ಲ. ನೀವು ಊರಿಗೆ ಬಂದ ವಾರಗಳಲ್ಲಿ ಅವರ ಸಂಬಳ ಏನಾಗುತ್ತದೆ? ಅವರಿಗೆ ಜ್ವರ ಬಂದ ದಿನ? ಅವರ ಜೊತೆ ಕೂತು ಹೊತ್ತು, ದರ, ಸಂಬಳಸಹಿತ ರಜೆ ಎಲ್ಲವನ್ನೂ ಮಾತಾಡಿ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಬೆಂಗಳೂರಿನಲ್ಲಿ ನಿನ್ನ ಅಮ್ಮನ ಮನೆಗೆ ಬರುವವಳಿಗೂ ಇದೇ ಆಗಬೇಕು. ಮನೆಗೆಲಸವನ್ನು ಕನಿಷ್ಠ ಕೂಲಿಯ ಪಟ್ಟಿಗೆ ಕರ್ನಾಟಕ 2004ರಲ್ಲೇ ಸೇರಿಸಿತು, ಹೆಚ್ಚಿನ ಮನೆಗಳಿಗೆ ಅದು ಗೊತ್ತೇ ಇಲ್ಲ. ಅಮ್ಮನೊಂದಿಗೆ ನಾನು ಮಾತಾಡುತ್ತೇನೆ. ಅಲ್ಲಿಯದು ನಿನ್ನ ಜವಾಬ್ದಾರಿ. ಆ ಹಾಳೆಯಲ್ಲಿ ಏನೇನು ಬರೆದಿರಿ, ಅವರು ಏನು ಸೇರಿಸಿ ಅಂದರು ಅಂತ ಮುಂದಿನ ಕಾಗದದಲ್ಲಿ ತಿಳಿಸು.